ಸೇರಿದ್ದು ನಿಜ, ಬೆರೆತದ್ದು ಅರ್ಧ: ಸಿಯೆರಾ ನೆವಾಡಾದ ಬಂಡೆಗಳ ನಡುವೆ ಐದು ದಿನ

ಗ್ರಾನೈಟ್ ಕಲ್ಲಿನಲ್ಲಿ ಅಲ್ಲಲ್ಲಿ ಕಪ್ಪು ಮಚ್ಚೆ ಇರುತ್ತದಲ್ಲ, ಅದನ್ನು ನೋಡಲಿಕ್ಕೆಂದೇ ಪ್ರವಾಸ ಹೋಗಬಹುದು ಎಂದು ತೋರಿಸಿಕೊಟ್ಟವಳು ನನ್ನ ದೊಡ್ಡಮ್ಮನ ಮಗಳು. ಅಗ್ನಿಶಿಲೆಗಳನ್ನು ಓದುವುದೇ ಅವಳ ಕೆಲಸ. ನಾನು ಆ ಶಾಸ್ತ್ರ ಕಲಿತವಳಲ್ಲ, ಆದರೆ ಬೆಟ್ಟ ಹತ್ತುವ ಹುಚ್ಚು ಮೊದಲಿನಿಂದಲೂ ಇದೆ. "ಇಷ್ಟು ಬೆಟ್ಟ ಹತ್ತಿದ್ದೀಯ, ಒಂದು ಸಲ ಬಗ್ಗಿ ಕಾಲಡಿಯ ಕಲ್ಲು ನೋಡಬಾರದಾ?" ಎಂದು ಅವಳು ಕೇಳಿದ್ದಳು. ಆ ಮಾತು ಮನಸ್ಸಿನಲ್ಲೇ ಉಳಿದಿತ್ತು. ಜುಲೈನಲ್ಲಿ ಟಿಯೋಗಾ ರಸ್ತೆಯ ಹಿಮ ಕರಗಿ ದಾರಿ ತೆರೆದಿತ್ತು. ಇಬ್ಬರೂ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿರುವ ಯೊಸೆಮಿಟಿಗೆ ಹೊರಟೆವು. ಕೈಯಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ, ಒಂದು ನೋಟ್‌ಬುಕ್, ಒಂದು ಅಳತೆ ಪಟ್ಟಿ. ಸುತ್ತಿಗೆ ಒಯ್ಯಲಿಲ್ಲ. ಅದು ರಾಷ್ಟ್ರೀಯ ಉದ್ಯಾನ, ಒಂದು ಚೂರು ಕಲ್ಲನ್ನೂ ಒಡೆಯುವಂತಿಲ್ಲ, ಎತ್ತಿಕೊಂಡು ಹೋಗುವಂತೆಯೂ ಇಲ್ಲ.

ಮೊದಲ ದಿನ: ಗೋಡೆಯ ಮೇಲಿನ ಭೂಪಟ

ಎಲ್ ಕ್ಯಾಪಿಟನ್ ಎದುರಿನ ಹುಲ್ಲುಗಾವಲಿಗೆ ಬಂದಾಗ ಬೆಳಗಿನ ಬಿಸಿಲು ಬಂಡೆಯ ಆಗ್ನೇಯ ಮುಖಕ್ಕೆ ನೇರವಾಗಿ ಬಿದ್ದಿತ್ತು. ಸುಮಾರು 900 ಮೀಟರ್ ಎತ್ತರದ ಗೋಡೆ. ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ನೋವು ಬರುತ್ತದೆ, ಆದರೂ ಕಣ್ಣು ತೆಗೆಯಲು ಮನಸ್ಸಾಗುವುದಿಲ್ಲ.

"ಬಲಗಡೆ ಭಾಗದಲ್ಲಿ ಕಪ್ಪಗೆ ಏನಾದರೂ ಕಾಣಿಸುತ್ತಾ?" ಅಂದಳು ಅಕ್ಕ. ಕಾಣಿಸಿತು. ಬಿಳಿ ಗೋಡೆಯ ಮೇಲೆ ದೊಡ್ಡದೊಂದು ಕಪ್ಪು ಆಕಾರ. ಅದು ನೋಡಲು ಉತ್ತರ ಅಮೆರಿಕದ ಭೂಪಟದ ಹಾಗೇ ಇದೆ. ಬಂಡೆ ಹತ್ತುವವರು ಆ ಭಾಗವನ್ನು ಕರೆಯುವುದೂ ಅದೇ ಹೆಸರಿನಿಂದ. ನೀರು ಸುರಿದು ಆದ ಕಲೆ ಇರಬೇಕು ಎಂದುಕೊಂಡಿದ್ದೆ. ಅಲ್ಲ. ಅದು ಬೇರೆಯದೇ ಕಲ್ಲು, ಡಯೊರೈಟ್. ಸುತ್ತಲಿನ ಬಿಳಿ ಗ್ರಾನೈಟಿಗೆ ಹತ್ತು ಕೋಟಿ ವರ್ಷಕ್ಕೂ ಸ್ವಲ್ಪ ಜಾಸ್ತಿ ವಯಸ್ಸು. ಅದರೊಳಕ್ಕೆ ಕೆಳಗಿನಿಂದ ಕಪ್ಪು ಶಿಲಾಪಾಕ (ಕರಗಿದ ಕಲ್ಲು) ನುಗ್ಗಿ, ಹೋದಲ್ಲೆಲ್ಲ ಕವಲೊಡೆದು, ಹಾಗೆಯೇ ಗಟ್ಟಿಯಾಗಿದೆ.

ಶಾಲೆಯಲ್ಲಿ ಓದಿದ ಅಗ್ನಿಶಿಲೆಯ ಪಾಠ ನೆನಪಾಯಿತು. ಮೇಲೆ ಬಂದು ತಣಿದರೆ ಲಾವಾ, ಒಳಗೇ ನಿಧಾನವಾಗಿ ತಣಿದರೆ ಗ್ರಾನೈಟ್. ಇಷ್ಟೇ. ಒಂದು ದೊಡ್ಡ ಹೊಂಡ, ಅದರ ತುಂಬ ಶಿಲಾಪಾಕ, ತಣಿಯಿತು, ಕಲ್ಲಾಯಿತು. ಇದನ್ನು ಹೇಳಿದಾಗ ಅಕ್ಕ ತಲೆಯಾಡಿಸಿದಳು. "ಒಂದು ಹೊಂಡ ಅಂತ ಅಂದುಕೋಬೇಡ ಕಣೇ. ಒಂದು ಪಾಕ ಅಂತಾನೂ ಅಂದುಕೋಬೇಡ. ಬೆಟ್ಟಸಾಲಿನ ಗ್ರಾನೈಟ್ ಹೆಚ್ಚಿನ ಪಾಲು ಎರಡು ಪಾಕ ಎದುರುಬದುರಾದ ಕಥೆ."

ಆ ಕಥೆಯ ಬುಡ ಸಮುದ್ರದಲ್ಲಿದೆ. ಸಿಯೆರಾ ನೆವಾಡಾದ ಗ್ರಾನೈಟ್ ರಾಶಿ ಸುಮಾರು 600 ಕಿ.ಮೀ. ಉದ್ದ ಚಾಚಿದೆ. ಅದರ ಬಹುಪಾಲು ಹುಟ್ಟಿದ್ದು ಕ್ರಿಟೇಷಿಯಸ್ ಯುಗದಲ್ಲಿ, ಅಂದರೆ ನೆಲದ ಮೇಲೆ ಡೈನೊಸಾರ್‌ಗಳು ಓಡಾಡುತ್ತಿದ್ದಾಗ. ಆಗ ಪಡುವಣದ ಸಾಗರದ ತಳ, ಫ್ಯಾರಲಾನ್ ಎನ್ನುವ ಭೂಫಲಕ, ಉತ್ತರ ಅಮೆರಿಕದ ಕೆಳಗೆ ಜಾರುತ್ತಿತ್ತು. ಸಾಗರತಳದ ಕಲ್ಲಿನಲ್ಲಿ ನೀರು ಸೇರಿಕೊಂಡಿರುತ್ತದೆ. ನೂರು ಕಿ.ಮೀ. ಆಸುಪಾಸಿನ ಆಳಕ್ಕೆ ಇಳಿದಾಗ ಒತ್ತಡಕ್ಕೂ ಕಾವಿಗೂ ಆ ನೀರು ಹೊರಬಿದ್ದು ಅದರ ಮೇಲಿರುವ, ಭೂಕವಚದ ಕೆಳಗಿನ ಬಿಸಿ ಕಲ್ಲಿನ ಪದರವಾದ ಮ್ಯಾಂಟಲ್‌ಗೆ ಸೇರುತ್ತದೆ. ನೀರು ಸೇರಿದ ಕಲ್ಲು ಕಡಿಮೆ ಕಾವಿಗೇ ಕರಗುತ್ತದೆ. ಹಾಗೆ ಹುಟ್ಟುವುದು ಬಸಾಲ್ಟ್ ಪಾಕ. ಕಬ್ಬಿಣ, ಮೆಗ್ನೀಷಿಯಂ ಜಾಸ್ತಿ. ಬಣ್ಣ ಕಪ್ಪು. ಕಾವು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್.

ಇದು ಮೇಲೆ ಏರುತ್ತದೆ. ಏರುತ್ತ ಏರುತ್ತ ಭೂಕವಚದ ಬುಡಕ್ಕೆ ಬಂದು ತಡೆದು ನಿಲ್ಲುತ್ತದೆ. ಅಲ್ಲಿ ತನ್ನ ಕಾವಿನಿಂದ ಹಳೆಯ ಕಲ್ಲನ್ನು ಕರಗಿಸುತ್ತದೆ. ಆ ಕರಗಿದ ಪಾಕದಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತು, ಜಾಸ್ತಿ. ಬಣ್ಣ ತಿಳಿ. ಕಾವು 700ರಿಂದ 850 ಡಿಗ್ರಿ ಅಷ್ಟೇ. ಬಸಾಲ್ಟ್ ಪಾಕ ಸಲೀಸಾಗಿ ಹರಿಯುತ್ತದೆ. ಈ ತಿಳಿ ಪಾಕ ಅದಕ್ಕಿಂತ ಲಕ್ಷಗಟ್ಟಲೆ ಪಟ್ಟು ಮಂದವಾಗಿ, ಅಲುಗಾಡಲೂ ಒಲ್ಲದಷ್ಟು ಗಟ್ಟಿಯಾಗಿರಬಹುದು. ಅಂತೂ ಬೆಟ್ಟಸಾಲಿನ ಕೆಳಗೆ ಒಂದೇ ಕಾಲಕ್ಕೆ, ಒಂದೇ ಜಾಗದಲ್ಲಿ, ಎರಡು ಬೇರೆ ಬೇರೆ ಸ್ವಭಾವದ ಪಾಕಗಳು ಇರುತ್ತವೆ. ಅವು ಭೇಟಿಯಾಗದೆ ಇರುವುದು ಹೇಗೆ?

ಸಂಜೆಯವರೆಗೂ ಅದೇ ಹುಲ್ಲುಗಾವಲಲ್ಲಿ ಕೂತೆವು. ಬಿಸಿಲು ಓರೆಯಾದಂತೆ ಕಪ್ಪು ಭೂಪಟದ ಅಂಚು ಇನ್ನಷ್ಟು ಸ್ಪಷ್ಟವಾಯಿತು.

ಎರಡನೇ ದಿನ: ಓಲ್ಮ್‌ಸ್ಟೆಡ್ ಪಾಯಿಂಟ್, ಮೊಣಕಾಲೂರಿ

ಕಣಿವೆ ಬಿಟ್ಟು ಟಿಯೋಗಾ ರಸ್ತೆ ಹತ್ತಿದೆವು. ಕಾಡು ಸರಿದು ಬರಿಬಂಡೆಯ ಲೋಕ ತೆರೆದುಕೊಳ್ಳುವ ಜಾಗ ಓಲ್ಮ್‌ಸ್ಟೆಡ್ ಪಾಯಿಂಟ್. ಒಂದು ಕಡೆ ದೂರದಲ್ಲಿ ಹಾಫ್ ಡೋಮ್, ಇನ್ನೊಂದು ಕಡೆ ಟೆನಾಯಾ ಸರೋವರ. ಬಂದವರೆಲ್ಲ ದೂರಕ್ಕೆ ನೋಡುತ್ತಿದ್ದರು. ಅಕ್ಕ ಮೊಣಕಾಲೂರಿ ನೆಲ ನೋಡತೊಡಗಿದಳು. ನಾನೂ ಪಕ್ಕದಲ್ಲಿ ಊರಿದೆ.

ಸುಮಾರು 20,000 ವರ್ಷದ ಹಿಂದೆ ಇಲ್ಲೆಲ್ಲ ಹಿಮನದಿ ಹರಿಯುತ್ತಿತ್ತು. ಅದು ಉಜ್ಜಿ ಉಜ್ಜಿ ಬಂಡೆಯನ್ನು ಎಷ್ಟು ನುಣುಪು ಮಾಡಿದೆಯೆಂದರೆ ಕೆಲವು ಕಡೆ ಬಿಸಿಲಿಗೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಕಲ್ಲು ಓದುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಮಣ್ಣಿಲ್ಲ, ಪಾಚಿಯಿಲ್ಲ, ಹುಲ್ಲಿಲ್ಲ. ಕಲ್ಲಿನ ಒಡಲೇ ಎದುರಿಗೆ.

ಇಲ್ಲಿನದು ಹಾಫ್ ಡೋಮ್ ಗ್ರಾನೊಡಯೊರೈಟ್. ಹೆಸರು ಉದ್ದ, ಗ್ರಾನೈಟಿನ ಹತ್ತಿರದ ಸಂಬಂಧಿ ಎಂದುಕೊಂಡರೆ ಸಾಕು. ಮಸೂರ ಹಿಡಿದು ನೋಡಿದೆ. ಬಿಳಿ ಫೆಲ್ಡ್‌ಸ್ಪಾರ್. ಗಾಜಿನ ಚೂರಿನಂತೆ ಬೂದು ಬಣ್ಣದ ಬೆಣಚು. ಕಪ್ಪು ಕಡ್ಡಿಗಳಂತೆ ಹಾರ್ನ್‌ಬ್ಲೆಂಡ್, ಕೆಲವು ಒಂದು ಸೆಂ.ಮೀ. ಮೀರಿ ಉದ್ದ. ಆರು ಮೂಲೆಯ ಕಪ್ಪು ಹಾಳೆಗಳು ಬಯೊಟೈಟ್, ನಾವು ಕಾಗೆಬಂಗಾರ ಎನ್ನುತ್ತೇವಲ್ಲ, ಅದರದೇ ಕಪ್ಪು ಜಾತಿ. ನಡುನಡುವೆ ಜೇನಿನ ಬಣ್ಣದ, ಬೆಣೆಯ ಆಕಾರದ ಪುಟ್ಟ ಹರಳು. ಅದು ಸ್ಫೀನ್. ಅದನ್ನು ನಾನೇ ಮೊದಲು ಹುಡುಕಿದೆ. ಆಮೇಲೆ ಎಲ್ಲೆಲ್ಲೂ ಅದೇ ಕಾಣತೊಡಗಿತು.

ಆಮೇಲೆ ಸಿಕ್ಕಿತು ನಾವು ಹುಡುಕಿಕೊಂಡು ಬಂದದ್ದು.

ಅಂಗೈಗಿಂತ ಸ್ವಲ್ಪ ದೊಡ್ಡ ಕಪ್ಪು ಮಚ್ಚೆ. ಅಳೆದೆವು: 19 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲ. ಮೊಟ್ಟೆಯ ಆಕಾರ, ಆದರೆ ಎರಡೂ ಕಡೆಯಿಂದ ಒತ್ತಿದ ಹಾಗೆ ಚಪ್ಪಟೆ. ಪಕ್ಕದಲ್ಲಿ ಇನ್ನೊಂದು, ಅದರಾಚೆ ಮತ್ತೊಂದು. ಎಲ್ಲವೂ ಒಂದೇ ದಿಕ್ಕಿಗೆ ಮಲಗಿದ್ದವು. ಇವುಗಳನ್ನು ಎನ್‌ಕ್ಲೇವ್ ಎನ್ನುತ್ತಾರೆ.

"ಇದೇನು ಅಂತ ನಿನಗೆ ಅನ್ನಿಸುತ್ತೆ?" ಅಕ್ಕ ಕೇಳಿದಳು.

"ಯಾವುದೋ ಹಳೇ ಕಲ್ಲಿನ ತುಂಡು ಮುರಿದು ಪಾಕದೊಳಗೆ ಬಿದ್ದಿದೆ."

"ಹಾಗಿದ್ದರೆ ಅಂಚು ಹೇಗಿರಬೇಕಿತ್ತು?"

ಮುರಿದ ಕಲ್ಲಿಗೆ ಮೂಲೆ ಇರಬೇಕು, ಅಲ್ವಾ? ಇಲ್ಲಿ ಒಂದು ಮೂಲೆಯೂ ಇಲ್ಲ. ಅಂಚು ಅಲೆಅಲೆಯಾಗಿದೆ. ಉಬ್ಬುಗಳೆಲ್ಲ ಹೊರಗಡೆಗೆ, ತಿಳಿ ಕಲ್ಲಿನ ಕಡೆಗೆ ದುಂಡಗೆ ಚಾಚಿವೆ. ಎರಡು ಉಬ್ಬಿನ ನಡುವೆ ತಿಳಿ ಕಲ್ಲು ಚೂಪಾಗಿ ಒಳಗೆ ತೂರಿದೆ. ಮಸೂರ ಅಂಚಿಗೆ ಹಿಡಿಯಲು ಹೇಳಿದಳು. ಹಿಡಿದೆ. ಮಚ್ಚೆಯ ನಡುವಿನಲ್ಲಿ ಕಣಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಅಂಚಿಗೆ ಬಂದಂತೆ ಸಣ್ಣದಾಗಿ, ಕೊನೆಯ ಕೆಲವು ಮಿಲಿಮೀಟರ್‌ಗಳಲ್ಲಿ ಪುಡಿಯಷ್ಟು ಸಣ್ಣದಾಗಿಬಿಟ್ಟಿದ್ದವು.

ಬೇಗ ತಣಿದರೆ ಹರಳು ಸಣ್ಣದು, ನಿಧಾನವಾಗಿ ತಣಿದರೆ ದೊಡ್ಡದು. ಇಷ್ಟು ನನಗೂ ಗೊತ್ತಿತ್ತು. ಹಾಗಾದರೆ ಈ ಮಚ್ಚೆಯ ಹೊರಮೈ ಗಕ್ಕನೆ ತಣಿದಿದೆ. ಹಲವು ಕಿಲೋಮೀಟರ್ ಆಳದಲ್ಲಿ, 750 ಡಿಗ್ರಿ ಕಾವಿನ ಪಾಕದ ನಡುವೆ ಗಕ್ಕನೆ ತಣಿಯುವುದೆಂದರೇನು? ಬಂದ ವಸ್ತು ಅದಕ್ಕಿಂತ ತುಂಬ ಬಿಸಿಯಾಗಿದ್ದರೆ ಮಾತ್ರ ಅದು ಸಾಧ್ಯ. ಅಂದರೆ ಇದು ಮುರಿದ ಕಲ್ಲಲ್ಲ. ಬಿಸಿಯಾದ ಕಪ್ಪು ಪಾಕದ ಮುದ್ದೆ. 750 ಡಿಗ್ರಿಯೇ ಅದಕ್ಕೆ ಚಳಿ.

ಇದನ್ನು ಬಾಯಿಬಿಟ್ಟು ಹೇಳಿದಾಗ ಮೈ ಜುಮ್ಮೆಂದಿತು.

ಕಲ್ಲುಗಳ ಶಾಸ್ತ್ರದಲ್ಲಿ ಈ ವಾದ ಗಟ್ಟಿಯಾಗಲು ಬಹಳ ಕಾಲ ಹಿಡಿಯಿತಂತೆ. ಮೊದಲು ಹೇಳಿದವನು ರಸಾಯನಶಾಸ್ತ್ರಜ್ಞ ರಾಬರ್ಟ್ ಬುನ್ಸೆನ್. ಪ್ರಯೋಗಶಾಲೆಯ ಬುನ್ಸೆನ್ ಬರ್ನರ್‌ಗೆ ಇರುವುದು ಅವನದೇ ಹೆಸರು. ಐಸ್‌ಲ್ಯಾಂಡಿನ ಹೆಕ್ಲಾ ಜ್ವಾಲಾಮುಖಿ ಸಿಡಿದ ಮೇಲೆ 1846ರಲ್ಲಿ ಅಲ್ಲಿಗೆ ಹೋಗಿದ್ದ. 1851ರಲ್ಲಿ, ಅಲ್ಲಿನ ಬಗೆಬಗೆಯ ಕಲ್ಲುಗಳೆಲ್ಲ ಎರಡು ಮೂಲ ಪಾಕಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತು ಆದವು ಎಂದು ಬರೆದ. ಆಮೇಲೆ ಇಪ್ಪತ್ತನೇ ಶತಮಾನದ ಬಹುಭಾಗ ಇನ್ನೊಂದು ವಿಚಾರವೇ ಮೇಲುಗೈ ಪಡೆಯಿತು. ಒಂದೇ ಪಾಕ ತಣಿಯುವಾಗ ಹರಳುಗಳು ಒಂದೊಂದಾಗಿ ಬೇರ್ಪಟ್ಟು, ಉಳಿದ ಪಾಕ ಬದಲಾಗುತ್ತ ಹೋಗುತ್ತದೆ ಎನ್ನುವುದು. ಅದೂ ನಿಜವೇ. ಆದರೆ ಅದೊಂದೇ ಅಲ್ಲ. ಕಪ್ಪು ಪಾಕ ತಿಳಿ ಪಾಕಕ್ಕೆ ತಾಗಿ ತಣಿದ ಅಂಚುಗಳನ್ನು 1953ರಲ್ಲಿ ವೇಜರ್ ಮತ್ತು ಬೈಲಿ ಎನ್ನುವ ಭೂವಿಜ್ಞಾನಿಗಳು ವಿವರಿಸಿದರು. 1984ರಲ್ಲಿ ವರ್ನನ್, ಗ್ರಾನೈಟಿನೊಳಗಿನ ಇಂಥ ಮಚ್ಚೆಗಳು ತಣಿದ ಪಾಕದ ಗೋಲಿಗಳೇ ಎಂದು ಗಟ್ಟಿಯಾಗಿ ವಾದಿಸಿದರು.

ನನಗೆ ಒಂದು ಅನುಮಾನ ಉಳಿದಿತ್ತು. ಎರಡೂ ದ್ರವವೇ ಆಗಿದ್ದರೆ ಪೂರ್ತಿ ಬೆರೆಯಬೇಕಿತ್ತಲ್ಲ? ಮಚ್ಚೆಯಾಗಿ ಯಾಕೆ ಉಳಿಯಿತು?

ಅಕ್ಕ ಬಂಡೆಯ ಮೇಲೇ ನೋಟ್‌ಬುಕ್ ಇಟ್ಟು ಲೆಕ್ಕ ಮಾಡಿ ತೋರಿಸಿದಳು. ಕಲ್ಲಿನಲ್ಲಾಗಲಿ ಪಾಕದಲ್ಲಾಗಲಿ ಶಾಖ ಹರಡುವುದು ನಿಧಾನ. ಆದರೆ ಅಣುಗಳು ಒಂದರೊಳಗೊಂದು ಹರಡುವುದು ಅದಕ್ಕಿಂತ ಹತ್ತಾರು ಲಕ್ಷ ಪಟ್ಟು ನಿಧಾನ. ಹತ್ತು ಸೆಂ.ಮೀ. ದಪ್ಪದ ಮುದ್ದೆಯ ಕಾವು ಸುತ್ತಲಿನ ಪಾಕಕ್ಕೆ ಹೋಗಿ ಸಮವಾಗಲು ಗಂಟೆಗಳ ಲೆಕ್ಕ. ಅದೇ ಮುದ್ದೆಯ ಕಬ್ಬಿಣ, ಮೆಗ್ನೀಷಿಯಂ, ಸಿಲಿಕಾ ಎಲ್ಲ ಹರಡಿ ಒಂದಾಗಲು ಹತ್ತಾರು, ನೂರಾರು ವರ್ಷಗಳ ಲೆಕ್ಕ. ಬೆರೆಯುವ ಮೊದಲೇ ಮುದ್ದೆ ತಣಿದು ಬಿಗಿದುಕೊಳ್ಳುತ್ತದೆ. ಬಿಗಿದ ಮೇಲೆ ಬೆರೆಯುವುದಾದರೂ ಹೇಗೆ?

"ಸೇರುವುದು ಬೇರೆ, ಬೆರೆಯುವುದು ಬೇರೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಮಾತೇ ಇದೆ ನೋಡು" ಅಂದಳು.

ಅದು ಎಷ್ಟು ಸರಿ! ಕಪ್ಪು ಪಾಕ ಸ್ವಲ್ಪವೇ ಬಂದರೆ ಸೇರುತ್ತದೆ, ಬೆರೆಯುವುದಿಲ್ಲ. ಮಚ್ಚೆಯಾಗಿ ಉಳಿಯುತ್ತದೆ. ಕಪ್ಪು ಪಾಕವೇ ಜಾಸ್ತಿಯಾಗಿ ಬಂದರೆ, ಅದು ಕೊಡುವ ಶಾಖಕ್ಕೆ ತಿಳಿ ಪಾಕವೂ ಕಾವೇರಿ ಸಡಿಲವಾಗುತ್ತದೆ, ಎರಡೂ ಹರಿಯುವ ಸ್ಥಿತಿಯಲ್ಲಿರುತ್ತವೆ, ಆಗ ನಿಜವಾಗಿ ಬೆರೆಯುತ್ತವೆ. ಆಳದಲ್ಲಿ, ಭೂಕವಚದ ಬುಡದ ಹತ್ತಿರ, ಕಾವು ಜಾಸ್ತಿ ಇರುವಲ್ಲಿ ಹಾಗಾಗುವುದು ಸುಲಭ. 1988ರಲ್ಲಿ ಹಿಲ್ಡ್ರೆತ್ ಮತ್ತು ಮೂರ್‌ಬಾತ್ ಚಿಲಿಯ ಆಂಡಿಸ್ ಜ್ವಾಲಾಮುಖಿಗಳನ್ನು ನೋಡಿ ಇದನ್ನೇ ಹೇಳಿದರು. ಕರಗುವುದು, ಅರಗಿಸಿಕೊಳ್ಳುವುದು, ಕೂಡಿಟ್ಟುಕೊಳ್ಳುವುದು, ಒಂದೇ ಹದಕ್ಕೆ ಬರುವುದು, ಈ ನಾಲ್ಕೂ ಆ ಆಳದಲ್ಲೇ ನಡೆಯುತ್ತವೆ ಎಂದು.

ಹಾಗಾಗಿ ನಾವು ಮಂಡಿಯೂರಿದ್ದ ಆ ಬೂದು ಬಂಡೆಯೂ ಅಪ್ಪಟವಲ್ಲ. ಅದೇ ಒಂದು ಬೆರಕೆ. ಅದರೊಳಗಿನ ಕಪ್ಪು ಮಚ್ಚೆಯೂ ಶುದ್ಧ ಬಸಾಲ್ಟ್ ಅಲ್ಲ, ಬರುವ ದಾರಿಯಲ್ಲೇ ಅಷ್ಟಿಷ್ಟು ತಿಳಿ ಪಾಕ ಕುಡಿದು ಬಂದದ್ದು. ಬೆರಕೆಯೊಳಗೆ ಬೆರಕೆ. ಮಚ್ಚೆಗಳು ಚಪ್ಪಟೆಯಾಗಿ ಒಂದೇ ದಿಕ್ಕಿಗೆ ಮಲಗಿರುವುದಕ್ಕೂ ಕಾರಣ ಇದೆ. ಪೂರ್ತಿ ಗಟ್ಟಿಯಾಗದ ಮುದ್ದೆಗಳನ್ನು ಸುತ್ತಲಿನ ಪಾಕದ ಚಲನೆ ಒತ್ತಿ ಎಳೆದಿದೆ.

ಟೆನಾಯಾ ಸರೋವರದ ದಂಡೆಯಲ್ಲಿ ಕತ್ತಲಾಗುವವರೆಗೂ ಇದ್ದೆವು. ಅಲ್ಲಿನ ಬಂಡೆಗಳಲ್ಲೂ ಮಚ್ಚೆ ಎಣಿಸಿದೆ. ನಲವತ್ತು ದಾಟಿದ ಮೇಲೆ ನಿಲ್ಲಿಸಿದೆ.

ಮೂರನೇ ದಿನ: ಅರ್ಧ ಒಳಗೆ, ಅರ್ಧ ಹೊರಗೆ

ಟುವಾಲಮಿ ಮೆಡೋಸ್ ಸುಮಾರು 2,600 ಮೀಟರ್ ಎತ್ತರದಲ್ಲಿದೆ. ಬೆಳಿಗ್ಗೆ ಚಳಿ. ಹುಲ್ಲುಗಾವಲಿನ ಪಶ್ಚಿಮ ತುದಿಯಲ್ಲಿ ಪಾಟ್‌ಹೋಲ್ ಡೋಮ್ ಎನ್ನುವ ಸಣ್ಣ ಬಂಡೆಗುಡ್ಡ. ಹತ್ತುವುದು ಸುಲಭ.

ಕಲ್ಲು ಬದಲಾಗಿತ್ತು. ಇದು ಕ್ಯಾಥೆಡ್ರಲ್ ಪೀಕ್ ಗ್ರಾನೊಡಯೊರೈಟ್. ಮೈತುಂಬ ಫೆಲ್ಡ್‌ಸ್ಪಾರಿನ ದೊಡ್ಡ ದೊಡ್ಡ ಹರಳು. ಐದು ಸೆಂ.ಮೀ. ಇರುವುದು ಸಾಮಾನ್ಯ, ಹತ್ತರ ಹತ್ತಿರ ಬರುವುದೂ ಉಂಟು. ಸುತ್ತಲಿನ ಕಲ್ಲು ಸವೆದಲ್ಲಿ ಈ ಹರಳುಗಳು ಗುಬಟುಗಳ ಹಾಗೆ ಎದ್ದು ನಿಂತಿವೆ. ಬಂಡೆ ಹತ್ತುವವರು ಅವನ್ನೇ ಹಿಡಿದು, ಅವುಗಳ ಮೇಲೇ ಕಾಲಿಟ್ಟು ಹತ್ತುತ್ತಾರೆ. ಒಂದು ಹರಳಿನ ಮುಂದೆ ಕೂತು ತಲೆಯನ್ನು ಅತ್ತಿತ್ತ ಓಲಾಡಿಸಿದೆ. ಹರಳಿನ ಅರ್ಧ ಭಾಗ ಮಿಂಚಿತು, ಇನ್ನರ್ಧ ಮಂಕು. ತಲೆ ಸ್ವಲ್ಪ ವಾಲಿಸಿದರೆ ಮಂಕಾಗಿದ್ದದ್ದು ಮಿಂಚಿ, ಮಿಂಚಿದ್ದು ಮಂಕಾಗುತ್ತದೆ. ಎರಡು ಹರಳು ಬೆನ್ನಿಗೆ ಬೆನ್ನು ಕೊಟ್ಟು ಅವಳಿಯಾಗಿ ಬೆಳೆದದ್ದು ಅದು.

ಎನ್‌ಕ್ಲೇವ್‌ಗಳು ಇಲ್ಲಿ ಕಡಿಮೆ. ಒಂದು ಗಂಟೆ ಹುಡುಕಿದ ಮೇಲೆ ಒಂದು ಒಳ್ಳೆಯದು ಸಿಕ್ಕಿತು. ಅದರ ಅಂಚಿನಲ್ಲಿ ಇತ್ತು ನಾನು ಈ ಪ್ರವಾಸದಲ್ಲಿ ನೋಡಿದ ಅತಿ ಚಂದದ ವಸ್ತು. ಆರು ಸೆಂ.ಮೀ. ಉದ್ದದ ಒಂದು ಗುಲಾಬಿ ಛಾಯೆಯ ಫೆಲ್ಡ್‌ಸ್ಪಾರ್. ಅರ್ಧ ತಿಳಿ ಕಲ್ಲಿನಲ್ಲಿ, ಅರ್ಧ ಕಪ್ಪು ಮಚ್ಚೆಯೊಳಗೆ. ಹೊಸಿಲ ಮೇಲೆ ನಿಂತವರ ಹಾಗೆ.

"ಯಾವುದು ಮೊದಲು, ಹೇಳು ನೋಡೋಣ" ಅಂದಳು ಅಕ್ಕ.

ನನಗೆ ತಕ್ಷಣ ಹೊಳೆಯಿತು. ಹರಳು ಮೊದಲು. ಅದು ತಿಳಿ ಪಾಕದಲ್ಲಿ ಬೆಳೆದಿತ್ತು. ಕಪ್ಪು ಮುದ್ದೆ ಬಂತು. ಮುದ್ದೆ ಇನ್ನೂ ಮೆತ್ತಗಿದ್ದಾಗ ಹರಳು ಅದರೊಳಕ್ಕೆ ನುಗ್ಗಲು ಹೊರಟು ಅರ್ಧಕ್ಕೆ ನಿಂತುಬಿಟ್ಟಿತು. ಎರಡೂ ದ್ರವವಾಗಿದ್ದವು ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಅಕ್ಕ ನಕ್ಕಳು, ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ನಾನು ಹರಳಿನ ಚಿತ್ರ ಬರೆದುಕೊಂಡೆ.

ಮಧ್ಯಾಹ್ನ ಮೋಡ ಕಟ್ಟಿ ಗುಡುಗಿತು. ಬರಿಬಂಡೆಯ ಮೇಲೆ ಸಿಡಿಲಿನ ಹೊತ್ತಿನಲ್ಲಿ ನಿಲ್ಲಬಾರದು. ಓಡಿ ಇಳಿದು ಕಾರಿನೊಳಗೆ ಕೂತೆವು. ಉಳಿದ ದಿನವೆಲ್ಲ ಮಳೆ.

ನಾಲ್ಕನೇ ದಿನ: ಟಿಯೋಗಾ ಪಾಸ್

ಮಳೆ ತೊಳೆದ ಬೆಳಗು. 3,031 ಮೀಟರ್ ಎತ್ತರದ ಟಿಯೋಗಾ ಪಾಸ್ ಹತ್ತಿರ ನಿಂತರೆ ಬಣ್ಣವೇ ಕಥೆ ಹೇಳುತ್ತದೆ. ಪೂರ್ವಕ್ಕೆ ಮೌಂಟ್ ಡಾನಾ, 3,979 ಮೀಟರ್, ತುಕ್ಕು ಹಿಡಿದ ಕಬ್ಬಿಣದ ಕೆಂಪು. ಅದು ಗ್ರಾನೈಟ್ ಅಲ್ಲ. ಹಳೆಯ ಜ್ವಾಲಾಮುಖಿ ಕಲ್ಲು, ಹಳೆಯ ಸಮುದ್ರದ ಕೆಸರು, ಎಲ್ಲ ಬೆಂದು ಬದಲಾದ ರೂಪಾಂತರ ಶಿಲೆ. ಶಿಲಾಪಾಕ ಕೆಳಗಿನಿಂದ ಬಂದಾಗ ಮೇಲೆ ಚಾವಣಿಯಾಗಿದ್ದದ್ದು ಇದೇ. ಇನ್ನೊಂದು ಬದಿಯಲ್ಲಿ ಕ್ಯೂನಾ ಕ್ರೆಸ್ಟ್, ಗಾಢ ಬೂದು.

ಈಗ ಮೂರು ದಿನದ ಕಲ್ಲುಗಳು ಒಂದು ಸಾಲಿಗೆ ಬಂದವು. ಟುವಾಲಮಿಯ ಗ್ರಾನೈಟ್ ಕುಟುಂಬ ಒಂದರೊಳಗೊಂದು ಬಳೆಗಳ ಹಾಗಿದೆ. ಹೊರಬಳೆ ಕ್ಯೂನಾ ಕ್ರೆಸ್ಟ್, ಎಲ್ಲಕ್ಕಿಂತ ಕಪ್ಪು, ಮಚ್ಚೆಗಳೂ ತುಂಬ. ಅದರೊಳಗೆ ಹಾಫ್ ಡೋಮ್. ಅದರೊಳಗೆ ಕ್ಯಾಥೆಡ್ರಲ್ ಪೀಕ್. ನಟ್ಟನಡುವೆ ಜಾನ್ಸನ್ ಎನ್ನುವ ಚಿಕ್ಕ ತಿಳಿ ಗ್ರಾನೈಟ್. ಒಳಗೆ ಹೋದಂತೆ ಸಿಲಿಕಾ ಏರುತ್ತದೆ, ಬಣ್ಣ ತಿಳಿಯಾಗುತ್ತದೆ, ವಯಸ್ಸು ಕಡಿಮೆಯಾಗುತ್ತದೆ.

ಇದನ್ನು ಮೊದಲು ಓದಿದವರು ಒಂದೇ ಹೊಂಡದ ಕಥೆ ಹೇಳಿದರು. 1979ರಲ್ಲಿ ಬೇಟ್‌ಮನ್ ಮತ್ತು ಚಾಪೆಲ್, ಅಂಚಿನಿಂದ ತಣಿಯುತ್ತ ಬಂದು ಹರಳುಗಳು ಬೇರ್ಪಟ್ಟು, ನಡುವೆ ತಿಳಿ ಪಾಕ ಉಳಿಯಿತು ಎಂದರು. ಆದರೆ 1986ರಲ್ಲಿ ಅವರಿಬ್ಬರೂ ಕಿಸ್ಲರ್ ಮತ್ತು ಪೆಕ್ ಜೊತೆ ಸೇರಿ, ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳಾದ ಸ್ಟ್ರಾನ್ಷಿಯಂ ಐಸೊಟೋಪ್‌ಗಳನ್ನು ಅಳೆದಾಗ ಕಥೆ ತಿರುಗಿತು. ಒಂದೇ ಪಾಕದಿಂದ ಹರಳು ಬೇರ್ಪಟ್ಟರೆ ಆ ಐಸೊಟೋಪ್ ಅನುಪಾತ ಬದಲಾಗಬಾರದು. ಇಲ್ಲಿ ಹೊರಗಿನಿಂದ ಒಳಗೆ ಹೋದಂತೆ ಅದು ಏರುತ್ತದೆ. ಮ್ಯಾಂಟಲ್‌ನಿಂದ ಬಂದದ್ದರಲ್ಲಿ ಆ ಅನುಪಾತ ಕಡಿಮೆ, ಹಳೆಯ ಭೂಕವಚದಲ್ಲಿ ಜಾಸ್ತಿ. ಅಂದರೆ ಎರಡು ಮೂಲದ ಪಾಕಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿವೆ. ತಮ್ಮದೇ ಹಳೆಯ ಮಾತನ್ನು ತಾವೇ ಅಳೆದು ತಿದ್ದಿದ್ದು ನನಗೆ ಬಹಳ ಇಷ್ಟವಾಯಿತು.

2004ರಲ್ಲಿ ಕೋಲ್ಮನ್, ಗ್ರೇ ಮತ್ತು ಗ್ಲೇಜ್ನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಜಿರ್ಕಾನ್ ಎನ್ನುವ ಪುಟ್ಟ ಹರಳಿನಲ್ಲಿ ಯುರೇನಿಯಂ ನಿಧಾನವಾಗಿ ಸೀಸವಾಗುತ್ತ ಹೋಗುತ್ತದೆ. ಅದನ್ನು ಅಳೆದರೆ ವಯಸ್ಸು ಗೊತ್ತಾಗುತ್ತದೆ. ಲೆಕ್ಕ ಬಂದದ್ದು ಹೀಗೆ: ಹೊರಬಳೆಗೆ ಸುಮಾರು 9.5 ಕೋಟಿ ವರ್ಷ, ಒಳಗಿನದಕ್ಕೆ 8.5 ಕೋಟಿ. ನಡುವೆ ಒಂದು ಕೋಟಿ ವರ್ಷ! ಆರೆಂಟು ಕಿ.ಮೀ. ಆಳದಲ್ಲಿ ಯಾವ ಹೊಂಡದ ಪಾಕವೂ ಅಷ್ಟು ಕಾಲ ಒಟ್ಟಾಗಿ ದ್ರವವಾಗಿ ಉಳಿಯಲಾರದು. ಹಾಗಾದರೆ ಒಂದು ದೊಡ್ಡ ಹೊಂಡ ಯಾವತ್ತೂ ಇರಲಿಲ್ಲ. ಪಾಕ ಕಂತು ಕಂತಾಗಿ ಬಂತು. ಒಂದು ಕಂತು ಬಂದು, ಅಷ್ಟಿಷ್ಟು ಬೆರೆತು, ಬಿಗಿಯಾಗುವಷ್ಟರಲ್ಲಿ ಇನ್ನೊಂದು ಕಂತು. ಮೊದಲ ದಿನ ಅಕ್ಕ "ಒಂದು ಹೊಂಡ ಅಂತ ಅಂದುಕೋಬೇಡ" ಎಂದದ್ದು ಇದಕ್ಕೇ.

ಇದು ಇಲ್ಲಿನದಷ್ಟೇ ಕಥೆಯಲ್ಲ. ಲಡಾಖ್‌ನ ಗ್ರಾನೈಟ್ ಸಾಲೂ ಹೀಗೇ ಹುಟ್ಟಿತು, ಟೆಥಿಸ್ ಸಾಗರದ ತಳ ಏಷ್ಯಾದ ಕೆಳಗೆ ಜಾರುವಾಗ. ಅಲ್ಲೂ ಇದೇ ಕಪ್ಪು ಮಚ್ಚೆಗಳಿವೆ.

ಪಾಸ್ ದಾಟಿ ಪೂರ್ವಕ್ಕೆ ಇಳಿದಾಗ ಕೆಳಗೆ ಮೋನೊ ಸರೋವರ, ಅದರ ಪಕ್ಕ ಮೋನೊ ಕ್ರೇಟರ್ಸ್ ಜ್ವಾಲಾಮುಖಿ ಸಾಲು. ಇನ್ನಷ್ಟು ದಕ್ಷಿಣಕ್ಕೆ ಲಾಂಗ್ ವ್ಯಾಲಿ, 7,60,000 ವರ್ಷದ ಹಿಂದೆ ಭಾರೀ ಸ್ಫೋಟವಾಗಿ ನೆಲವೇ ಕುಸಿದ ಜಾಗ. ಆಳದಲ್ಲಿ ಪಾಕಗಳು ಭೇಟಿಯಾಗುವುದು ಯಾವಾಗಲೂ ಶಾಂತವಾಗಿ ಮುಗಿಯುವುದಿಲ್ಲ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿದದ್ದು, ಕೆಳಗಿದ್ದ ತಿಳಿ ಪಾಕದೊಳಕ್ಕೆ ಬಿಸಿ ಬಸಾಲ್ಟ್ ನುಗ್ಗಿದ್ದರಿಂದ. ಒಳಗೇ ಉಳಿದರೆ ಎನ್‌ಕ್ಲೇವ್, ಮಿತಿಮೀರಿದರೆ ಸ್ಫೋಟ.

ರಾತ್ರಿ ಟೆಂಟ್ ಮುಂದೆ ನನ್ನ ಹರಳಿನ ಚಿತ್ರ ತೆಗೆದು ಕೂತಿದ್ದೆ. ಅಕ್ಕ ಆಗ ಹೇಳಿದಳು. "ನಿನ್ನೆ ನೀನು ಹೇಳಿದ್ದು ಒಂದು ಓದು. ಇನ್ನೊಂದು ಓದೂ ಇದೆ. ಈ ದೊಡ್ಡ ಹರಳುಗಳು ಕೊನೆಯಲ್ಲಿ ಬೆಳೆದವು, ಕಲ್ಲು ಬಹುಪಾಲು ಗಟ್ಟಿಯಾದ ಮೇಲೆ, ಕಾವು ಏರಿಳಿದು ಸಣ್ಣ ಹರಳು ಕರಗಿ ದೊಡ್ಡವು ಇನ್ನೂ ದೊಡ್ಡದಾದವು ಅನ್ನುವವರೂ ಇದ್ದಾರೆ. ಹಾಗಿದ್ದರೆ ಹರಳು ಮುದ್ದೆಯೊಳಗೆ ನುಗ್ಗಿಲ್ಲ. ಗಡಿಯ ಮೇಲೆ ಕೂತು ಎರಡೂ ಕಡೆಗೆ ಬೆಳೆದಿದೆ."

ನಾನು ಬಹಳ ಹೊತ್ತು ಮಾತಾಡಲಿಲ್ಲ. ಅಷ್ಟು ಸ್ಪಷ್ಟ ಎಂದುಕೊಂಡಿದ್ದ ಸಾಕ್ಷಿ ಎರಡು ನಾಲಿಗೆಯಲ್ಲಿ ಮಾತಾಡುತ್ತಿತ್ತು.

"ಅದನ್ನು ಬಿಡಿಸುವುದು ಹೇಗೆ?"

"ಹರಳಿನೊಳಗೆ ನೋಡಬೇಕು. ನಾಳೆ ಹೋಗೋಣ."

ಐದನೇ ದಿನ: ಮತ್ತೆ ಆ ಹರಳು

ಪಾಟ್‌ಹೋಲ್ ಡೋಮ್‌ಗೆ ಸೂರ್ಯ ಹುಟ್ಟುವ ಮೊದಲೇ ಹೋದೆವು. ಅಳತೆ, ಚಿತ್ರ ಎರಡೂ ಇದ್ದದ್ದರಿಂದ ಹರಳು ಬೇಗ ಸಿಕ್ಕಿತು. ಅದರ ಮೇಲೆ ಸ್ವಲ್ಪ ನೀರು ಹನಿಸಿದೆ. ಒದ್ದೆಯಾದ ಕಲ್ಲಿನಲ್ಲಿ ಗೆರೆಗಳು ಚೆನ್ನಾಗಿ ಕಾಣುತ್ತವೆ. ಕಣ್ಣಿಗೆ ಮಸೂರ ಒತ್ತಿ, ಮೂಗು ಕಲ್ಲಿಗೆ ತಾಗುವಷ್ಟು ಬಗ್ಗಿದೆ.

ಹರಳಿನ ಒಳಗೆ ಕಪ್ಪು ಚುಕ್ಕಿಗಳು. ಹಾರ್ನ್‌ಬ್ಲೆಂಡ್, ಕಾಗೆಬಂಗಾರ, ಒಂದು ಜೇನು ಬಣ್ಣದ ಸ್ಫೀನ್. ಅವು ಎಲ್ಲೆಂದರಲ್ಲಿ ಚೆಲ್ಲಿರಲಿಲ್ಲ. ಸಾಲುಗಟ್ಟಿದ್ದವು. ಹರಳಿನ ಹೊರ ಅಂಚಿಗೆ ಸರಿಸಮವಾಗಿ ಒಂದು ಚೌಕಟ್ಟು, ಅದರೊಳಗೆ ಇನ್ನೊಂದು ಚೌಕಟ್ಟು. ಮರದ ಉಂಗುರಗಳಂತೆ, ಆದರೆ ಮೂಲೆಮೂಲೆಯಾಗಿ. ಹರಳು ಪದರ ಪದರವಾಗಿ ಬೆಳೆಯುವಾಗ ಅದರ ಮುಖಕ್ಕೆ ಬಂದು ಅಂಟಿಕೊಂಡ ಸಣ್ಣ ಹರಳುಗಳು ಅವು. ಹಾಗೆ ಅಂಟಬೇಕಾದರೆ ಸುತ್ತ ದ್ರವ ಇರಬೇಕು.

ಕಪ್ಪು ಮಚ್ಚೆಯೊಳಗಿನ ಅರ್ಧಕ್ಕೆ ಮಸೂರ ಸರಿಸಿದೆ. ಒಳಗಿನ ಎರಡು ಚೌಕಟ್ಟು ಅಲ್ಲೂ ಹಾಗೇ ಮುಂದುವರಿದಿದ್ದವು. ಕಣಗಳೂ ಅದೇ ಗಾತ್ರದವು, ತಿಳಿ ಕಲ್ಲಿನ ಜಾತಿಯವು. ಮಚ್ಚೆಯ ಪುಡಿಕಣಗಳಲ್ಲ. ಆದರೆ ತೀರಾ ಹೊರಗಿನ ಪದರ, ಒಂದೆರಡು ಮಿಲಿಮೀಟರ್ ಅಷ್ಟೇ, ಅಲ್ಲಿ ಚೌಕಟ್ಟು ಕೆಟ್ಟಿತ್ತು. ಅಂಚು ಸೊಟ್ಟಪಟ್ಟ. ಅದರೊಳಗೆ ಮಚ್ಚೆಯದೇ ಸಣ್ಣ ಕಪ್ಪು ಪುಡಿ ಸಿಕ್ಕಿಕೊಂಡಿತ್ತು.

"ಅಕ್ಕಾ, ಒಳಗಿನದು ಮೊದಲೇ ಬೆಳೆದದ್ದು. ಹೊರಗಿನ ಪದರ ಮಾತ್ರ ಆಮೇಲೆ, ಇಲ್ಲೇ, ಗಡಿಯ ಮೇಲೆ ಕೂತಾಗ ಬೆಳೆದದ್ದು. ಅಲ್ವಾ?"

ಅಕ್ಕ ಮಸೂರ ಈಸಿಕೊಂಡು ಬಗ್ಗಿದಳು. ಬಿಸಿಲು ಆಗ ತಾನೇ ಗುಡ್ಡದ ನೆತ್ತಿಗೆ ತಾಗಿತ್ತು. ನೀರು ಆರುತ್ತಿತ್ತು. ಅವಳು ಇನ್ನೊಂದು ಹನಿ ಹಾಕಿ, ಹೊರ ಅಂಚಿನ ಮೇಲೆ ಬೆರಳ ತುದಿ ಇಟ್ಟು, ನಿಧಾನವಾಗಿ ಹರಳಿನ ಸುತ್ತ ಒಂದು ಸುತ್ತು ಬಂದಳು. ಆಮೇಲೆ ನೋಟ್‌ಬುಕ್ ತೆಗೆದು ನನ್ನ ಚಿತ್ರದಲ್ಲಿ ಹೊರಗಿನ ಪದರಕ್ಕೆ ಬೇರೆ ಗೆರೆ ಎಳೆದು ಕೊಟ್ಟಳು.